ಹುಳುಮನೆಯಲ್ಲಿ ಪಿಸುದನಿಯ ಜಗಳ

ಚುನಾವಣೆಯ ಕಾಲದಲ್ಲಿ ನಮ್ಮ ಮನೆಯ ಮೇಲೆ ಎರಡು ಬಾವುಟ ಹಾರುತ್ತವೆ. ಮೂಡಲ ಮೂಲೆಯದು ಬಾವನ ಪಕ್ಷದ್ದು. ನೀರಿನ ಟ್ಯಾಂಕಿಗೆ ಕಟ್ಟಿರುವುದು ಮೈದುನನ ಪಕ್ಷದ್ದು. ನನ್ನ ಯಜಮಾನರು ಇವರಿಬ್ಬರ ನಡುವೆ ಹುಟ್ಟಿದವರು. ಗೌರಿಬಿದನೂರಿನಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ, ಬಂದಾಗ ಮೇಲೆ ನೋಡಿ ಎರಡೂ ಬಿಸಿಲಿಗೆ ಮಾಸಿವೆ ಎಂದು ಹೇಳಿ ಊಟಕ್ಕೆ ಕೂರುತ್ತಾರೆ. ಬಾವನ ಹೆಂಡತಿಗೆ, ಅಂದರೆ ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿಗೆ, ಬಾವುಟವಿಲ್ಲ. ಅವಳಿಗೆ ಭಾನುವಾರವಿದೆ.

ಏಳೆಂಟು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಅವಳು ಬಹಳ ದಿನ ಮಲಗಿದ್ದಳು. ಪಕ್ಕದ ಹಾಸಿಗೆಯಲ್ಲಿ ಆಂಧ್ರದ ಕಡೆಯ ಮುದುಕಿಯೊಬ್ಬಳು ದಿನವೂ ಸಂಜೆ ತೆಲುಗಿನಲ್ಲಿ ಯೇಸುವಿನ ಹಾಡು ಹಾಡುತ್ತಿದ್ದಳಂತೆ. ಅಕ್ಕ ಗುಣವಾಗಿ ಮನೆಗೆ ಬಂದಳು, ಹಾಡೂ ಜೊತೆಗೆ ಬಂತು. ಗುಣವಾದದ್ದು ಔಷಧಿಯಿಂದಲೋ ಹಾಡಿನಿಂದಲೋ ಎಂದು ಬಾವ ಕೇಳಿದರು. "ಔಷಧಿ ತಂದ್ಕೊಟ್ಟಿದ್ದು ನೀವಲ್ವಾ, ನಿಮಗೂ ಸ್ವಲ್ಪ ಪುಣ್ಯ ಇದೆ ಬಿಡಿ" ಎಂದಳು. ಅಂದಿನಿಂದ ಹಾಡುವುದು ತೆಲುಗಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಬೈಗುಳ ಎರಡರಲ್ಲೂ.

ಅವಳು ಹಣೆಯ ಕುಂಕುಮ ಬಿಟ್ಟಿಲ್ಲ. ಹಬ್ಬಕ್ಕೆ ಒಬ್ಬಟ್ಟು ತಟ್ಟುವವಳು ಅವಳೇ. ಮನೆದೇವರ ಪೂಜೆಯ ಹೊತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ನಿಂತಿರುತ್ತಾಳೆ. ನೀರಿನಲ್ಲಿ ಮುಳುಗಿಸಿ ಕೊಡುವ ದೀಕ್ಷೆಯನ್ನೂ ಅವಳು ಇನ್ನೂ ಪಡೆದಿಲ್ಲ. ಯಾರೂ ತಡೆದದ್ದಲ್ಲ. ಗೊತ್ತು ಮಾಡಿದ ದಿನ ಬರುವಷ್ಟರಲ್ಲಿ ಪ್ರತಿ ಸಲವೂ ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಹೊತ್ತು ಹೊತ್ತಿಗೆ ಸೊಪ್ಪು ಕೇಳುತ್ತಿರುತ್ತದೆ. ಹುಳು ಬಿಟ್ಟು ಹೋಗುವುದು ಹೇಗೆ?

ನಮ್ಮ ಹಿಪ್ಪುನೇರಳೆ ತೋಟ ಮೇಲೂರಿಗೆ ಹತ್ತಿರ, ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿದೆ. ತೋಟದ ಅಂಚಿನಲ್ಲಿ ಹುಳು ಸಾಕುವ ಉದ್ದನೆಯ ಶೀಟಿನ ಕಟ್ಟಡ. ಅದನ್ನು ಹುಳುಮನೆ ಎನ್ನುತ್ತೇವೆ. ಭಾನುವಾರ ಹತ್ತು ಗಂಟೆಗೆ ಸುತ್ತಲಿನ ಐವರು ಹೆಂಗಸರು ಅಲ್ಲಿಗೆ ಬರುತ್ತಾರೆ. ಪ್ರಾರ್ಥನೆ ನಡೆಸುವ ಅಯ್ಯನವರು ಚಿಂತಾಮಣಿ ಕಡೆಯಿಂದ ಹಳೆಯ ಸ್ಕೂಟರಿನಲ್ಲಿ ಬರುತ್ತಾರೆ. ಮನೆಯೊಳಗೆ ಬೇಡ, ಅಲ್ಲಿ ಮಾಡಿಕೊಳ್ಳಿ ಎಂದು ಜಾಗ ತೋರಿಸಿದವರು ಬಾವ. ಪ್ರಾರ್ಥನೆಯೇ ಬೇಡ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ.

ಹುಳುಮನೆಗೆ ಎರಡು ಕಟ್ಟಳೆಗಳಿವೆ, ಅವು ಯಾವ ಸರ್ಕಾರ ಬಂದರೂ ಬದಲಾಗಿಲ್ಲ. ಚಪ್ಪಲಿ ಬಿಟ್ಟು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಬರಬೇಕು. ಒಳಗೆ ದನಿ ಎತ್ತಬಾರದು. ಗದ್ದಲವಾದರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಸೊಸೆಯಾಗಿ ಬಂದ ಮೇಲೆಯೇ ಹುಳು ಕಂಡವಳು. ಆದರೆ ಇಪ್ಪತ್ತು ವರ್ಷದಲ್ಲಿ ಅದರೊಳಗೆ ಯಾರೂ ಕೂಗಿದ್ದನ್ನು ಕೇಳಿಲ್ಲ.

ಮತಾಂತರದ ಮಾತು ದಿನವೂ ಟಿವಿಯಲ್ಲಿ ಬರತೊಡಗಿದ ಮೇಲೆ ನನಗೆ ಭಾನುವಾರ ಬಂದರೆ ಹೆದರಿಕೆ. ಬೇರೆ ಊರುಗಳಲ್ಲಿ ಪ್ರಾರ್ಥನೆಯ ಮನೆಗೆ ನುಗ್ಗಿ ಕುರ್ಚಿ ಮುರಿದ ವಿಡಿಯೊಗಳು ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೂ ಬಂದಿದ್ದವು. ಒಂದನ್ನು ಕೊನೆಯವರೆಗೆ ನೋಡಿದೆ. ಎರಡನೆಯದನ್ನು ಪೂರ್ತಿ ನೋಡಲಾಗಲಿಲ್ಲ. ಅದರಲ್ಲಿ ನೆಲದ ಮೇಲೆ ಬಿದ್ದಿದ್ದ ಟಿಫಿನ್ ಡಬ್ಬಿ ಅಕ್ಕನ ಡಬ್ಬಿಯಂತೆಯೇ ಇತ್ತು.

ಆ ಭಾನುವಾರ ಹುಳು ಹಣ್ಣಾಯಿತು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಗೇ ನೂಲು ಸುತ್ತಿಬಿಡುತ್ತದೆ, ಒಂದು ತಿಂಗಳ ಕೆಲಸ ಹಾಳು. ಅದಕ್ಕೇ ಮುಯ್ಯಾಳು: ಇಂದು ನೀವು ನಮ್ಮ ಹುಳು ಆರಿಸಿದರೆ ನಾಳೆ ನಿಮ್ಮದಕ್ಕೆ ನಾವು ಬರುತ್ತೇವೆ. ಪ್ರಾರ್ಥನೆಗೆ ಬಂದ ಐವರೂ ಒಳಗೊಮ್ಮೆ ಇಣುಕಿ ಸೆರಗು ಸಿಕ್ಕಿಸಿದರು. ಅಕ್ಕ ಒಪ್ಪಲಿಲ್ಲ. ಮೊದಲು ಒಂದು ಹಾಡು, ಆಮೇಲೆ ಹುಳು, ಎಂದಳು. ಪಿಸುದನಿಯಲ್ಲೇ ಒಂದು ಹಾಡು ಆಯಿತು. ಅಯ್ಯನವರು ಎರಡು ನಿಮಿಷ ಪ್ರಾರ್ಥಿಸಿ, ಕೊನೆಗೆ ಹುಳುಗಳನ್ನೂ ಸೇರಿಸಿಕೊಂಡರು. ಆಗಲೇ ಹುಳು ಆರಿಸಲು ಕೂತಿದ್ದ ಬಾವ ಆಮೆನ್ ಎನ್ನಲಿಲ್ಲ. ಆದರೆ ತಲೆಗೆ ಸುತ್ತಿದ್ದ ಟವೆಲ್ ತೆಗೆದರು. ಬೆಳೆಯ ವಿಷಯದಲ್ಲಿ ಅವರು ಯಾವ ದೇವರನ್ನೂ ಎದುರುಹಾಕಿಕೊಳ್ಳುವವರಲ್ಲ.

ನಾನೂ ಸೇರಿ ಎಲ್ಲರೂ ಹುಳು ಆರಿಸತೊಡಗಿ ಅರ್ಧ ಗಂಟೆಯಾಗಿರಬೇಕು. ಹೊರಗೆ ಮೂರು ಮೋಟರ್ ಬೈಕ್ ನಿಂತವು. ಘೋಷಣೆ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದೆ: ಆರು ಜನ, ಅವರಲ್ಲಿ ಒಬ್ಬ ನಮ್ಮ ಮೈದುನ. ಅವನ ಪಕ್ಷದ ಹುಡುಗರಲ್ಲಿ ಅವನದೂ ಒಂದು ಹೆಸರು. ಪಂಚಾಯಿತಿಗೆ ನಿಲ್ಲಬೇಕೆಂದಿದ್ದ. ಮತಾಂತರ ನಿನ್ನ ಮನೆಯಲ್ಲೇ ನಡೆಯುತ್ತಿದೆಯಂತೆ ಎಂದು ಯಾರೋ ಸಭೆಯಲ್ಲಿ ಅಂದರಂತೆ, ಅವನಿಗೆ ತಡೆದುಕೊಳ್ಳಲಾಗಿಲ್ಲ. ನನ್ನ ಕೈಯಲ್ಲಿದ್ದ ಹುಳುಗಳು ಮುಂಗೈ ಮೇಲೆ ಹರಿದು ಹೋಗುತ್ತಿದ್ದರೂ ಕೆಳಗಿಡಲು ತೋಚಲಿಲ್ಲ.

ಬಾಗಿಲು ತೆರೆಯಿತು. ಮೊದಲನೆಯವನು ಚಪ್ಪಲಿ ಬಿಟ್ಟು ಬ್ಲೀಚಿಂಗ್ ನೀರಿಗೆ ಕಾಲಿಟ್ಟ. ಎರಡನೆಯವನೂ. ಆರು ಜೊತೆ ಚಪ್ಪಲಿ ಸಾಲಾಗಿ ಹೊರಗೆ ಉಳಿದವು. ಒಳಗೆ ಬಂದ ಮೇಲೆ ಮುಂದಿದ್ದವನು, ಮೈದುನನ ಜೊತೆಗಾರ, ಎದೆ ಸೆಟೆಸಿ, ಕಿವಿಗೆ ಹೇಳುವಷ್ಟು ಮೆಲ್ಲಗೆ, "ಇಲ್ಲಿ ಮತಾಂತರ ನಡೀತಿದೆ ಅಂತ ದೂರು ಕೊಟ್ಟಿದೀವಿ. ನಿಲ್ಸಬೇಕು" ಎಂದ.

"ಏನಂದ್ಯಪ್ಪ? ಸ್ವಲ್ಪ ಜೋರಾಗಿ ಹೇಳು" ಎಂದರು ಬಾವ.

"ಹುಳು ಇದೆಯಲ್ಲ ಅಣ್ಣ" ಎಂದ ಅವನು.

"ಹಂಗಾದ್ರೆ ಹತ್ರ ಬಂದು ಹೇಳು."

ಅವನು ಹತ್ತಿರ ಹೋಗಿ ಮತ್ತೆ ಹೇಳಿದ. "ಬಾಗ್ಲು ಹಾಕ್ಕೊಂಡಿದೀರ. ಕಿಟಕಿಗೆಲ್ಲ ಪರದೆ ಕಟ್ಟಿದೀರ. ಒಳಗೆ ಏನೂ ನಡೀದಿದ್ರೆ ಪರದೆ ಯಾಕೆ?"

ಅಕ್ಕ ಹುಳು ಆರಿಸುತ್ತಲೇ ಉತ್ತರ ಕೊಟ್ಟಳು. "ಊಜಿ ನೊಣ ಬಂದು ಹುಳು ಸಾಯ್ದಿರ್ಲಿ ಅಂತ. ಯಾಕೆ ಕಟ್ಟಿದ್ಯೋ ಅಂತ ನಿನ್ ಪಕ್ಕದಲ್ಲಿರೋನ್ನ ಕೇಳು. ಹೋದ ಬೆಳೇಲಿ ಏಣಿ ಹತ್ತಿ ಕಟ್ಟಿದ್ದು ಅವನೇ."

ಮೈದುನ ಶೀಟಿನ ಕಡೆ ನೋಡಿದ. ಆಮೇಲೆ ಅಕ್ಕನ ಬಳಿ ಬಂದು ಕುಕ್ಕರಗಾಲಲ್ಲಿ ಕೂತ. ಅವಳು ಮದುವೆಯಾಗಿ ಬಂದಾಗ ಅವನಿಗೆ ಹತ್ತು ವರ್ಷ. ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. "ದೊಡ್ಡತ್ತಿಗೆ, ಐದು ನಿಮಿಷ. ಒಂದು ಫೋಟೊ ತಗೊಂಡು ಹೋಗ್ತೀವಿ. ನನ್ ಮರ್ಯಾದೆ ಉಳ್ಸಿ."

"ತಗೊಳಪ್ಪ. ಆದ್ರೆ ಕೈ ಕಟ್ಕೊಂಡು ನಿಂತ್ಕೋಬೇಡ. ಆ ಕೊನೇ ಸಾಲಿಗೆ ಇನ್ನೂ ಯಾರೂ ಕೈ ಹಾಕಿಲ್ಲ."

ಅವನು ಕೊನೆಯ ಸಾಲನ್ನು ನೋಡಿದ. ಹುಳುಗಳು ಕಡ್ಡಿಯ ತುದಿಗೇರಿ ತಲೆ ಆಡಿಸುತ್ತಿದ್ದವು. ಈ ಕಡೆಯ ಮನೆಯಲ್ಲಿ ಬೆಳೆದವರು ಅದನ್ನು ನೋಡಿಕೊಂಡು ನಿಲ್ಲಲಾರರು. ಫೋನನ್ನು ಜೇಬಿಗೆ ಹಾಕಿ ಆರಿಸತೊಡಗಿದ. ಅವನ ಹಿಂದೆ ಇಬ್ಬರು, ಆಮೇಲೆ ಇನ್ನಿಬ್ಬರು. ಆರನೆಯವನು ಪೇಟೆಯವನು, ಹುಳು ಮುಟ್ಟಿದವನಲ್ಲ. ಅವನಿಗೆ ಅಯ್ಯನವರು ಹೇಳಿಕೊಡಲು ಹೋದರು. ಅಯ್ಯನವರಿಗೇ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಹಣ್ಣಾಗದ ಹುಳುಗಳನ್ನೆಲ್ಲ ಕಿತ್ತಿಟ್ಟಿದ್ದನ್ನು ಕಂಡು ಬಾವ, "ಅಯ್ಯನವರೇ, ಅವನ್ನ ಬಿಡಿ, ಅವಿನ್ನೂ ತಿನ್ಬೇಕು. ಏ ತಮ್ಮ, ನೀನು ಚಂದ್ರಿಕೆ ಹಿಡ್ಕೋ, ಸಾಕು" ಎಂದರು.

ಇಷ್ಟರಲ್ಲಿ, ಆ ಹುಡುಗರೇ ಮೊದಲೇ ಫೋನ್ ಮಾಡಿದ್ದರಿಂದ, ಪೊಲೀಸ್ ಹೆಡ್ ಕಾನ್ಸ್‌ಟೇಬಲ್ ಬಂದರು. ಅಂಬಾಜಿದುರ್ಗದ ಕಡೆಯವರು, ಅವರ ಮನೆಯಲ್ಲೂ ಹುಳು ಇತ್ತಂತೆ. ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಕಾಲು ಅದ್ದಿ ಬಂದರು. "ದೂರು ಕೊಟ್ಟೋರು ಯಾರು?" ಎಂದು ಮೆಲ್ಲಗೆ ಕೇಳಿದರು. ಆರೂ ಜನರ ಕೈ ತುಂಬ ಹುಳು. ಯಾರೂ ಕೈ ಎತ್ತಲಿಲ್ಲ.

"ಸರಿ. ಮತಾಂತರ ಆಗಿರೋರು ಯಾರು?"

"ನಾನಿನ್ನೂ ಮುಳುಗಿಲ್ಲ ಸ್ವಾಮಿ" ಎಂದಳು ಅಕ್ಕ.

"ಯಾಕಮ್ಮ?"

"ಪ್ರತಿ ಸಲ ಹುಳು ಇರುತ್ತೆ."

ಅವರು ಇದು ಸರಿಯಾದ ಕಾರಣವೆಂಬಂತೆ ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಟೀಚರ್ರಂತಲ್ಲಮ್ಮ. ಮುಯ್ಯಾಳಿಗೆ ಸೇರಿದ್ರು ಅಂತ ಒಂದು ಹೇಳಿಕೆ ಬರ್ಕೊಡಿ. ಮನೆಯವರು ಒಂದು ಸಹಿ ಹಾಕ್ಲಿ. ಎಲ್ಲರಿಗೂ ಸುಖ" ಎಂದರು.

ನನಗೆ ಹೋದ ಉಸಿರು ಬಂದಂತಾಯಿತು. ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು, ಹುಳುವಿನ ಸ್ಟ್ಯಾಂಡಿಗೆ ಒತ್ತಿಕೊಂಡು ಬರೆದೆ: ಈ ದಿನ ಹುಳು ಹಣ್ಣಾದ ಕಾರಣ ಮುಯ್ಯಾಳಿಗೆ ಅಕ್ಕಪಕ್ಕದವರು ಸೇರಿದ್ದು, ಬೇರೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಅಕ್ಷರ ದುಂಡಗೆ ಬಂತು. ಮೈದುನ ಇಣುಕಿ ಓದಿ ಸಮಾಧಾನಪಟ್ಟ. ಬಾವನೂ ಓದಿದರು. ಅಯ್ಯನವರು ಓದಿ ಕನ್ನಡಕ ಒರೆಸಿಕೊಂಡರು.

"ನಂಗೂ ಓದಿ ಹೇಳೇ" ಎಂದಳು ಅಕ್ಕ. ಓದಿದೆ.

"ಆ ಕೊನೇ ಮಾತು ಯಾರು ಹೇಳಿದ್ದು?"

"ನಾನೇ ಬರ್ದೆ ಅಕ್ಕ."

"ಹಾಡು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು."

"ಮತ್ತೆ?"

ಹೆಡ್ ಕಾನ್ಸ್‌ಟೇಬಲ್ ನಡುವೆ ಬಂದು, "ಅಮ್ಮ, ಹಿಂಗಿದ್ರೇ ಒಳ್ಳೇದು" ಎಂದರು.

"ಇವತ್ತಿಗೆ ಒಳ್ಳೇದು ಸ್ವಾಮಿ. ಮುಂದಿನ ಭಾನುವಾರ ಇಲ್ಲಿ ಹುಳು ಇರಲ್ಲ. ಗೂಡು ಮಾರ್ಕೆಟ್ಟಿಗೆ ಹೋಗಿರುತ್ತೆ. ನಾನು ಹತ್ತು ಗಂಟೆಗೆ ಇಲ್ಲೇ ಬಂದು ಕೂತ್ಕೋತೀನಿ. ಇವ್ರು ಬರ್ತಾರೆ, ನೀವೂ ಬರ್ತೀರ. ಆವಾಗ ಏನಂತ ಬರೀತಾಳೆ ಇವಳು?"

"ಅತ್ತಿಗೆ, ನನ್ ಗತಿ ಏನು?" ಎಂದ ಮೈದುನ.

"ಇದು ನಿನ್ ವಿಷಯ ಅಲ್ಲ ಕಣೋ. ನನ್ ವಿಷಯ."

ಬಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕತ್ತು ಒರೆಸಿಕೊಂಡರು, ಮತ್ತೆ ಮುಖ ಒರೆಸಿಕೊಂಡರು. ಆಮೇಲೆ ನನಗೆ, "ಅವಳು ಹೇಳ್ದಂಗೆ ಬರಿಯಮ್ಮ" ಎಂದರು.

ಕೊನೆಯ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: ಬೆಳಿಗ್ಗೆ ಹತ್ತಕ್ಕೆ ಒಂದು ಹಾಡು ಹಾಡಿ ಯೇಸುವಿಗೆ ಪ್ರಾರ್ಥನೆ ಮಾಡಿದರು. ಪ್ರತಿ ಭಾನುವಾರ ಮಾಡುತ್ತಾರೆ. ಆಮೇಲೆ ಎಲ್ಲರೂ ಹುಳು ಆರಿಸಿದರು. ಇಷ್ಟು ಬರೆದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂದಿರಬೇಕು. ಎಲ್ಲರೂ ಎಂದರೆ ಯಾರು ಎಂದು ಬರೆಯದೆ ಬಿಟ್ಟರೆ ಸರಿಯಲ್ಲವೆನಿಸಿ ಆರು ಜನರ ಹೆಸರು ಕೇಳಿದೆ.

"ನಮ್ ಹೆಸ್ರು ಯಾಕಕ್ಕ?" ಎಂದ ಮುಂದಿದ್ದವನು.

"ನೀವೂ ಆರಿಸಿದ್ರಲ್ಲಪ್ಪ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಹೆಸರು ಹೇಳಿದರು. ಪೇಟೆಯವನು ಹಿಡಿದಿದ್ದ ಚಂದ್ರಿಕೆಯನ್ನು ಬಹಳ ಜೋಪಾನವಾಗಿ ಗೋಡೆಗೆ ಒರಗಿಸಿದ. ಅಕ್ಕ ಸಹಿ ಹಾಕಿದಳು. ಹೆಡ್ ಕಾನ್ಸ್‌ಟೇಬಲ್ ಹಾಳೆಯನ್ನು ಎರಡು ಸಲ ಓದಿ, ಮಡಿಸಿ, ಬೇಕಾದರೆ ಠಾಣೆಗೆ ಕರೆಸುತ್ತೇವೆ ಎಂದು ಹೇಳಿ ಹೋದರು. ವಾರವಿಡೀ ಫೋನ್ ಸದ್ದಾದಾಗಲೆಲ್ಲ ಠಾಣೆಯದೇ ಎಂದು ಮೊದಲು ನಂಬರ್ ನೋಡುತ್ತಿದ್ದೆ. ಕರೆಸಲಿಲ್ಲ. ಕರೆಸುವುದಿಲ್ಲ ಎಂದೂ ಹೇಳಿಲ್ಲ.

ಬಾವನ ಪಕ್ಷದವರು ಇಬ್ಬರು ಬುಧವಾರ ಬಂದಿದ್ದರು. ಇದನ್ನು ಭಾಷಣಕ್ಕೆ ಬಳಸಿಕೊಳ್ಳೋಣ, ಯಜಮಾನತಿಯನ್ನು ವೇದಿಕೆಗೆ ಕರೆಯಿರಿ ಎಂದರು. ಬಾವ, "ಕರೆಯಣ. ಮೊದ್ಲು ಇಬ್ರೂ ಕೂತು ಹುಳು ಹಿಕ್ಕೆ ಬಳೀರಿ, ಅವಳಿಗೆ ಬಿಡುವಾಗುತ್ತೆ" ಎಂದರು. ಅವರಿಗೆ ಬೇರೆ ಕೆಲಸವಿತ್ತು.

ಮುಂದಿನ ಭಾನುವಾರ ಹುಳುಮನೆ ಖಾಲಿಯಾಗಿತ್ತು. ಅಯ್ಯನವರ ಸ್ಕೂಟರ್ ಬರಲಿಲ್ಲ. ಐವರಲ್ಲಿ ಬಂದವಳು ಒಬ್ಬಳೇ, ಅವಳೂ ತೋಟದ ಹಿಂಬದಿಯಿಂದ. ಅಕ್ಕ ಚಾಪೆ ಹಾಸಿದಳು. ನಾನು ನಂಬುವವಳಲ್ಲ, ಆದರೆ ಆ ದಿನ ಬಾಗಿಲ ಪಕ್ಕ ಕೂತೆ. ಹಾಡು ಶುರುವಾಯಿತು. ಅಲ್ಲಿ ಪಿಸುಗುಟ್ಟಬೇಕಾದ ಕಾರಣವಿರಲಿಲ್ಲ, ಅಕ್ಕನ ದನಿ ಶೀಟಿಗೆ ತಾಕಿ ತೋಟದವರೆಗೂ ಹೋಗುತ್ತಿತ್ತು.

ಮೈದುನ ಬೆನ್ನಿಗೆ ಸ್ಪ್ರೇಯರ್ ಹೊತ್ತು ಬಂದ. ಬೆಳೆ ಮುಗಿದ ಮೇಲೆ ಹುಳುಮನೆಗೆ ಔಷಧಿ ಹೊಡೆಯಬೇಕು, ಆ ಕೆಲಸ ಎಂದಿಗೂ ಅವನದೇ. "ಎಷ್ಟೊತ್ತಾಗುತ್ತೆ?" ಎಂದು ನನ್ನನ್ನು ಕೇಳಿದ. ಇನ್ನೊಂದು ಹಾಡಿದೆಯಂತೆ ಎಂದೆ. ಸ್ಪ್ರೇಯರ್ ಇಳಿಸದೆ, ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತ.

ಹೋದ ವಾರ ಮುಂದಿದ್ದವನ ಬೈಕ್ ದಾರಿಯಲ್ಲಿ ಬಂದು ನಿಂತಿತು. ಎಂಜಿನ್ ಆರಿಸದೆ, "ಏನೋ, ಇಲ್ಲೇನ್ ಮಾಡ್ತಿದೀಯ?" ಎಂದು ಕೂಗಿದ.

"ಔಷಧಿ ಹೊಡಿಯಕ್ಕೆ ಬಂದಿದೀನಿ" ಎಂದ ಮೈದುನ.

ಒಳಗೆ ಅಕ್ಕ ಹಾಡು ನಿಲ್ಲಿಸಿದಳು. "ಪೂರ್ತಿ ಹೇಳಪ್ಪ" ಎಂದಳು.

ಅವನು ಸ್ಪ್ರೇಯರಿನ ಪಟ್ಟಿ ಎಳೆದುಕೊಂಡ. ತೋಟ ನೋಡಿದ. ಬೈಕಿನವನನ್ನು ನೋಡಿದ.

"ನಮ್ಮತ್ತಿಗೆ ಒಳಗೆ ಪ್ರಾರ್ಥನೆ ಮಾಡ್ತಿದಾರೆ. ಮುಗಿಯೋವರ್ಗೂ ಇಲ್ಲೇ ಕೂತಿರ್ತೀನಿ" ಎಂದ.

ಬೈಕಿನವನು ಗೇರ್ ಹಾಕಿ ಶಿಡ್ಲಘಟ್ಟದ ಕಡೆ ಹೋದ. ಅಕ್ಕ ಬಿಟ್ಟ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡಳು.