ಆಲಂಕಾರಿನಲ್ಲಿ ಶಬ್ದ ಹೋದ ಮಧ್ಯಾಹ್ನ

ನನಗೆ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಬಸ್ಸಿನಲ್ಲಿ ಕೂತರೆ ಕಾಲು ಕುಣಿಯುತ್ತದೆ, ಮದುವೆ ಊಟಕ್ಕೆ ಕೂತರೆ ಬಾಳೆಲೆಯ ಪಕ್ಕದಲ್ಲಿ ಬೆರಳು ಕುಟ್ಟುತ್ತಿರುತ್ತೇನೆ. ಕೀಬೋರ್ಡ್ ಬಾರಿಸುವವರ ರೋಗ ಇದು ಎಂದು ಹೇಳಿಕೊಂಡು ತಿರುಗುತ್ತೇನೆ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆ ಕೀಬೋರ್ಡ್ ಬಾರಿಸುವ ಎಷ್ಟೋ ಜನ ತಣ್ಣಗೆ ಕೂತು ಚಹಾ ಕುಡಿಯುವುದನ್ನು ನಾನೇ ನೋಡಿದ್ದೇನೆ. ರೋಗ ನನ್ನದೇ. ಅದರ ಮದ್ದೂ ನನಗೆ ಗೊತ್ತಿತ್ತು. ನಾನು ಮಾಡಿದ ಸಂಗೀತವನ್ನು ಯಾರಾದರೂ ಒಬ್ಬರು, ಒಬ್ಬರೇ ಸಾಕು, ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕು.

ಹೊಟ್ಟೆಪಾಡಿಗೆ ಬಾರಿಸುವುದನ್ನು ಕೇಳುವವರು ಬೇಕಾದಷ್ಟಿದ್ದಾರೆ. ಮೊದಲು ರಸಮಂಜರಿ ತಂಡದಲ್ಲಿದ್ದೆ. ಕರೋಕೆ ಬಂತು, ಮದುಮಗನ ಭಾವನೇ ಮೈಕ್ ಹಿಡಿದು ಹಾಡತೊಡಗಿದ, ನಮ್ಮ ತಂಡ ಲಗಾಡಿ ಹೋಯಿತು. ಈಗ ತುಳು ನಾಟಕಗಳಿಗೆ ಹಿನ್ನೆಲೆ ಬಾರಿಸುತ್ತೇನೆ. ಹಾಸ್ಯದವ ಜಾರಿ ಬಿದ್ದರೆ ‘ಟೊಂಯ್’, ಅತ್ತೆ ಒಳಗೆ ಬಂದರೆ ಗುಡುಗು, ತಾಯಿ ಅತ್ತರೆ ಪಿಟೀಲು. ಬಿಡುವಿನಲ್ಲಿ ಪುತ್ತೂರಿಗೆ ಹೋಗಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಇದೆಲ್ಲ ಕೆಲಸ. ಸಂಗೀತ ಎಂದು ನಾನು ಹೇಳುವುದು ಬೇರೆಯದಕ್ಕೆ.

ಆ ಬೇರೆಯದರ ಹುಚ್ಚು ಹಿಡಿಸಿದವನು ಬ್ರೆಜಿಲ್ ದೇಶದ ಒಬ್ಬ ಕೀಬೋರ್ಡ್ ವಾದಕ. ರಸಮಂಜರಿಯಲ್ಲಿ ಗಿಟಾರ್ ಬಾರಿಸುತ್ತಿದ್ದವನು ಒಮ್ಮೆ ಪೆನ್‌ಡ್ರೈವಿನಲ್ಲಿ ಏನೇನೋ ತುಂಬಿಸಿ ಕೊಟ್ಟಿದ್ದ. ಅದರೊಳಗೆ ಇವನೂ ಇದ್ದ. ಪ್ರೋಗ್ರೆಸಿವ್ ರಾಕ್ ಎಂದು ಕರೆಯುವ ಜಾತಿಯ ಸಂಗೀತ ಅದು. ಪಲ್ಲವಿ ಇಲ್ಲ, ಚರಣ ಇಲ್ಲ, ಒಂದು ಹಾಡು ಶುರುವಾದರೆ ಊಟ ಮುಗಿಸಿ ಕೈ ತೊಳೆದು ಬಂದರೂ ನಡೆಯುತ್ತಲೇ ಇರುತ್ತದೆ. ನಡುವೆ ತಾಳ ಬದಲಾಗುತ್ತದೆ, ಹೇಳದೆ ಕೇಳದೆ. ಸಾವು ಮಾರಾಯ, ಇದೆಂತದು ಎಂದು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಅದೇ ಬಾಯಿಗೆ ಬಂತು. ಅಲ್ಲಿಂದ ಕೆಟ್ಟೆ.

ಅವನ ಜೀವನವನ್ನು ನಾನು ಬೆಳ್ಳಾರೆಯ ನಮ್ಮ ಮನೆಯಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಹೆಕ್ಕಿ, ಜೋಡಿಸಿಕೊಂಡೆ. ಹುಡುಗಾಟದ ವಯಸ್ಸಿನಲ್ಲಿ ಗೆಳೆಯರೊಂದಿಗೆ ಒಂದು ಬ್ಯಾಂಡ್ ಕಟ್ಟಿದ. ಬ್ಯಾಂಡ್ ಒಡೆಯಿತು. ಆಮೇಲೆ ಮನೆಯ ಒಂದು ಕೋಣೆಯಲ್ಲಿ ಸಿಂಥಸೈಜರುಗಳನ್ನು ಪೇರಿಸಿಕೊಂಡು, ಡ್ರಮ್ಮೂ ತಾನೇ ಬೇಸೂ ತಾನೇ ಎಂಬಂತೆ, ಒಬ್ಬನೇ ಆಲ್ಬಂ ಮೇಲೆ ಆಲ್ಬಂ ಮಾಡಿದ. ದೊಡ್ಡ ಹೆಸರೇನೂ ಬರಲಿಲ್ಲ. ನಿಲ್ಲಿಸಲೂ ಇಲ್ಲ. ಒಂದು ವಿಡಿಯೋದಲ್ಲಿ ಅವನು ಸಣ್ಣ ಸಭಾಂಗಣದಲ್ಲಿ ಬಾರಿಸುತ್ತಿದ್ದಾನೆ, ಅರ್ಧ ಕುರ್ಚಿ ಖಾಲಿ, ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಕೂತು ಕೊನೆಯವರೆಗೆ ಅಲ್ಲಾಡುವುದಿಲ್ಲ. ನನಗೆ ಹೊಟ್ಟೆಕಿಚ್ಚಾದದ್ದು ಅವನ ಬೆರಳುಗಳ ಮೇಲಲ್ಲ. ಆ ಮುದುಕ ಅವನಿಗೆ ಸಿಕ್ಕಿದನಲ್ಲ, ಅದರ ಮೇಲೆ.

ನಾನೂ ಒಂದನ್ನು ಮಾಡಿದೆ. ಇಪ್ಪತ್ತು ನಿಮಿಷದ್ದು. ನಾನು ಹುಟ್ಟಿ ಬೆಳೆದ ಕೊಲ್ಲಮೊಗ್ರಿನಿಂದ ಬೆಳಿಗ್ಗೆ ಹೊರಡುತ್ತಿದ್ದ ಬಸ್ಸು ಅದರಲ್ಲಿತ್ತು. ಡ್ರೈವರ್ ಚಹಾ ಕುಡಿದು ಬರುವವರೆಗೆ ಎಂಜಿನ್ ಗುಂಯ್ ಎನ್ನುತ್ತಾ ನಿಂತಿರುವುದು, ಆಮೇಲೆ ತಿರುವುಗಳು, ಬ್ರೇಕು, ಕಾಡು ಮುಗಿದು ಒಮ್ಮೆಲೇ ಬೆಳಕು. ಶುರುವಿನಲ್ಲಿ ಬಹಳ ಕೆಳಗಿನ ಒಂದೇ ಸ್ವರ, ಹಿಡಿದದ್ದು ಬಿಡದೆ, ಮೆಲ್ಲ ಮೆಲ್ಲ ದಪ್ಪವಾಗುತ್ತಾ ಹೋಗುತ್ತದೆ. ಇದನ್ನು ಕೇಳಿಸಲು ಹೋಗಿ ನಾನು ಪಟ್ಟ ಪಾಡು ಹೇಳಬಾರದು. ಗಿಟಾರಿನವನು ಎರಡು ನಿಮಿಷ ಕೇಳಿ ಮೊಬೈಲಿನಲ್ಲಿ ಬೆರಳಾಡಿಸಿ ಮುಂದಕ್ಕೆ ಓಡಿಸಿದ. ಪಾಠಕ್ಕೆ ಬರುವ ಒಬ್ಬಳ ತಾಯಿ, “ಸರ್, ಇದು ಪರೀಕ್ಷೆಗೆ ಬರ್ತದಾ?” ಎಂದು ಕೇಳಿದರು. ಇಂಟರ್ನೆಟ್ಟಿಗೆ ಹಾಕಿದೆ, ನೋಡಿದವರ ಪೈಕಿ ಹೆಚ್ಚಿನವರು ನಾನೇ.

ಹೆಂಡತಿಗೆ ಯಾಕೆ ಕೇಳಿಸಲಿಲ್ಲ ಎಂದರೆ, ಮನೆಯವರು ಕೇಳಿದ್ದು ಲೆಕ್ಕಕ್ಕಿಲ್ಲ ಎಂಬ ಜಂಬ ನನಗೆ. ಅವಳ ಮನೆಮಾತು ತುಳು, ನನ್ನದು ಅರೆಭಾಷೆ. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಯಾರ ಭಾಷೆ ಎಂದು ಜಗಳವಾಗಿ, ಆ ಜಗಳ ಕನ್ನಡದಲ್ಲಿ ನಡೆದು, ಕನ್ನಡವೇ ನಿಂತುಬಿಟ್ಟಿತು. ನಮ್ಮದು ಬಾಡಿಗೆಯ ಮಹಡಿ ಮನೆ, ಕೆಳಗೆ ಮಾಲಿಕರು. ನಾನು ಈ ಸಂಗೀತ ಶುರುಮಾಡಿದ ವಾರವೇ ಮಾಲಿಕರು ಮೆಟ್ಟಿಲು ಹತ್ತಿ ಬಂದು, “ಎಂತ, ನಿಮ್ಮ ಮಿಕ್ಸಿ ಹಾಳಾಗಿದ್ಯಾ?” ಎಂದು ವಿಚಾರಿಸಿದರು. ಮರ್ಯಾದೆಗೆ ಅಂಜಿ ಅಂದಿನಿಂದ ಹೆಡ್‌ಫೋನ್ ಹಾಕಿಕೊಂಡೇ ಬಾರಿಸಿದೆ. ನಾನು ಚಾವಡಿಯ ಈ ಗೋಡೆಗೆ, ಅವಳು ಆ ಗೋಡೆಗೆ ಒರಗಿ, ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವಳು. ವರ್ಷಗಟ್ಟಲೆ ಹೀಗೇ ನಡೆಯಿತು.

ಕಳೆದ ವರ್ಷ ಆಲಂಕಾರಿನ ಕಡೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ನಮ್ಮ ನಾಟಕ ಇತ್ತು. ಮಧ್ಯಾಹ್ನ ಸಭೆ, ಸಂಜೆ ನಾಟಕ. ಅವಳ ತವರು ಅಲ್ಲೇ ಹತ್ತಿರ, ಹಾಗಾಗಿ ಅವಳೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆಗೆ ಜನ ಬಂದಿದ್ದಾರೆ, ಮುಖ್ಯ ಅತಿಥಿ ಬಂದಿಲ್ಲ. ಕಾರ್ಯದರ್ಶಿ ಬೆವರು ಒರೆಸುತ್ತಾ ನನ್ನ ಹತ್ತಿರ ಓಡಿ ಬಂದರು. “ಸರ್, ಎಂತಾದ್ರೂ ಬಾರ್ಸಿ ಮಾರಾಯ್ರೆ! ಅವ್ರು ಬರ್ಲಿಕ್ಕೆ ಇನ್ನೂ ಅರ್ಧ ಗಂಟೆ ಉಂಟಂತೆ. ಜನ ಎದ್ದು ಹೋಗ್ತಾರೆ.”

“ಎಂತಾದ್ರೂ ಅಡ್ಡಿ ಇಲ್ವಾ?” ಎಂದು ಕೇಳಿದೆ.

“ಎಂತಾದ್ರೂ!” ಎಂದು ಅವರು ಇನ್ನೊಂದು ಕಡೆಗೆ ಓಡಿದರು.

ಇಷ್ಟು ಕುರ್ಚಿಗಳಲ್ಲಿ ಒಬ್ಬರಾದರೂ ಸಿಗದೆ ಹೋದಾರೆಯೇ? ದೇವರೇ ಎಂದುಕೊಂಡು ಆ ಕೆಳಗಿನ ಸ್ವರವನ್ನು ಒತ್ತಿ ಹಿಡಿದೆ. ಅಷ್ಟು ದೊಡ್ಡ ಸ್ಪೀಕರಿನಲ್ಲಿ ಅದನ್ನು ನಾನೂ ಕೇಳಿದ್ದು ಅದೇ ಮೊದಲು. ಕಾಲಡಿಯ ಹಲಗೆ ನಡುಗಿತು. ಹಾ, ಬಂತು ನನ್ನ ಬಸ್ಸು ಎಂದು ಮೈ ಜುಮ್ಮೆಂದಿತು.

ಆಗ ಮೈಕು, ಸ್ಪೀಕರು ನೋಡಿಕೊಳ್ಳುವ ಸೌಂಡಿನವರು ಎದ್ದರು. ಒಳ್ಳೆಯ ಮನುಷ್ಯ, ಎಷ್ಟೋ ನಾಟಕದಲ್ಲಿ ಜೊತೆಗಿದ್ದವರು. ಮುಖ ಕಿವುಚಿಕೊಂಡು ಆಂಪ್ಲಿಫೈಯರಿಗೆ ಕಿವಿಕೊಟ್ಟರು. ಒಂದೊಂದೇ ವಯರ್ ಎಳೆದು ಸಿಕ್ಕಿಸಿದರು. ಸ್ವರ ದಪ್ಪವಾಗುತ್ತಾ ಹೋದ ಹಾಗೆ ಅವರ ಗಡಿಬಿಡಿಯೂ ಹೆಚ್ಚಾಯಿತು. ಯಾರನ್ನೋ ಕರೆದು ಒಂದು ಕೊಡಪಾನ ನೀರು ತರಿಸಿ, ವೇದಿಕೆಯ ಹಿಂದೆ ಅರ್ಥಿಂಗಿಗೆ ನೆಟ್ಟ ಸರಳಿನ ಬುಡಕ್ಕೆ ಹೊಯ್ದು ಬಂದರು. ನನಗೆ ಆಗ ಹೊಳೆಯಿತು. ನನ್ನ ಸಂಗೀತವನ್ನು ಅವರು ಅರ್ಥಿಂಗ್ ಸರಿ ಇಲ್ಲದಾಗ ಸ್ಪೀಕರಿನಲ್ಲಿ ಬರುವ ಕರೆಂಟಿನ ಹಮ್ಮಿಂಗ್ ಎಂದು ತಿಳಿದಿದ್ದಾರೆ! ಅಲ್ಲ, ಅಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ‘ಗೊತ್ತಾಯ್ತು, ನಿಮ್ಮ ಲೈನಿನದ್ದೇ ತೊಂದ್ರೆ’ ಎಂಬಂತೆ ತಲೆ ಅಲ್ಲಾಡಿಸಿ, ನನ್ನ ಕೀಬೋರ್ಡಿನ ಲೈನಿನ ವಾಲ್ಯೂಮನ್ನು ಪೂರ್ತಿ ಕೆಳಗೆ ಎಳೆದುಬಿಟ್ಟರು. ಕೀಬೋರ್ಡಿಗೆ ಸ್ವಂತ ಸ್ಪೀಕರ್ ಇಲ್ಲ. ನಾನು ಮೂಕನಾದೆ.

ಅವರು ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿ ನಕ್ಕು, ಜನ ಬೇಸರಪಡದ ಹಾಗೆ ಪೆನ್‌ಡ್ರೈವಿನಿಂದ ಒಂದು ಸಿನಿಮಾ ಹಾಡು ಹಾಕಿದರು.

ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನ್ನ ಹಟ ನಿಮಗೆ ಗೊತ್ತಿಲ್ಲ. ಯಾರಿಗೂ ಬೇಡವಾದರೆ ಬೇಡ, ಕತ್ತೆ ಬಾಲ, ನಾನು ಮುಗಿಸಿಯೇ ಏಳುವವನು ಎಂದು ಸತ್ತ ಕೀಬೋರ್ಡಿನ ಮೇಲೆ ಇಡೀ ಇಪ್ಪತ್ತು ನಿಮಿಷ ಬಾರಿಸಿದೆ. ತಿರುವುಗಳು ಹೋದವು, ಬ್ರೇಕು ಹೋಯಿತು, ಬೆಳಕು ಬಂತು, ಒಂದೂ ಕೇಳಲಿಲ್ಲ. ಜನ ಸಿನಿಮಾ ಹಾಡಿಗೆ ಕಾಲು ಕುಣಿಸುತ್ತಾ ನೆಲಗಡಲೆ ತಿಂದರು. ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದದ್ದು ಎಂದು ಆಗ ಅಂದುಕೊಂಡೆ. ಸಿಟ್ಟೊಂದೇ ಆಗಿರಲಿಲ್ಲ.

ಇಳಿದು ಹೋಗಿ ಸೌಂಡಿನವರ ಮೇಲೆ ಬೊಬ್ಬೆ ಹಾಕಿದೆ. ಅವರು ಪಾಪ, ಕಣ್ಣು ಬಿಟ್ಟರು. “ನಿಮ್ಮ ಒಳ್ಳೆದಕ್ಕೇ ಮಾಡಿದ್ದಲ್ವಾ ಸರ್? ಹಮ್ಮಿಂಗ್ ಅಲ್ದಿದ್ರೆ ಮತ್ತೆ ಎಂತ ಅದು?”

“ಸಂಗೀತ!” ಎಂದೆ.

“ಹೌದಾ?” ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು. “ಮೊದ್ಲೇ ಒಂದು ಮಾತು ಹೇಳ್ಬೇಕಲ್ಲ ಮಾರಾಯ್ರೆ.”

ಸಂಜೆ ನಾಟಕದಲ್ಲಿ ಹಾಸ್ಯದವ ಜಾರಿ ಬಿದ್ದ, ನಾನು ‘ಟೊಂಯ್’ ಬಾರಿಸಿದೆ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಅವಳ ತವರಿನಿಂದ ಬೆಳ್ಳಾರೆಗೆ ಬಸ್ಸು ಹತ್ತಿದೆವು. ನನ್ನ ಮಂಡೆ ಇನ್ನೂ ಬಿಸಿ. “ನೋಡು, ಇನ್ನು ಆ ಸಂಗೀತದ ಸುದ್ದಿಯೇ ಇಲ್ಲ. ಮುಗೀತು. ನಾಟಕ, ಪಾಠ, ಊಟ, ನಿದ್ದೆ. ಅಷ್ಟೇ,” ಎಂದೆ. ನಿಜವಾಗಿಯೂ ಬಿಟ್ಟುಬಿಡುವುದೆಂದೇ ಇದ್ದೆ.

ಅವಳು ಕಿಟಕಿಯ ಹೊರಗೆ ನೋಡುತ್ತಾ, “ನಿನ್ನೆ ನೀವು ಒಂದು ಕಡೆ ತಪ್ಪಿದ್ರಿ,” ಎಂದಳು.

“ಎಲ್ಲಿ ತಪ್ಪಿದ್ದು? ನಾಟಕದಲ್ಲಾ?”

“ನಾಟಕದಲ್ಲಿ ಅಲ್ಲ. ಮಧ್ಯಾಹ್ನ. ನಿಮ್ಮ ಎಡಗೈ ಒಬ್ನೇ ಮೇಲಿಂದ ಕೆಳಗೆ ಇಳಿದು ಬರ್ತಾನಲ್ಲ, ಬಲಗೈ ಸುಮ್ನೆ ಕಾಯ್ತಾ ಇರ್ತಾನೆ. ಅದು ಎರಡು ಸಲ ಬರ್ಬೇಕು. ನಿನ್ನೆ ಒಂದೇ ಸಲ ಬಂತು.”

ನಾನು ಮನಸ್ಸಿನಲ್ಲೇ ಬಾರಿಸಿ ನೋಡಿದೆ. ಹೌದು. ಸಿಟ್ಟಿನ ಭರದಲ್ಲಿ ಎರಡನೆಯ ಇಳಿತವನ್ನು ಹಾರಿಸಿದ್ದೆ. “ನಿನಗೆ ಹೇಗೆ ಗೊತ್ತು? ಶಬ್ದವೇ ಇರ್ಲಿಲ್ಲ!”

“ನನಗೆ ಯಾವತ್ತು ಇತ್ತು ಶಬ್ದ?” ಅವಳು ನನ್ನ ಕಡೆ ತಿರುಗಿದಳು. “ನೀವು ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಕೂರುದು. ನಾನು ಎದುರಿಗೆ ಬೀಡಿ ಕಟ್ಟುದು. ನಿಮ್ಮ ಕೈ ನೋಡದೆ ಮತ್ತೆ ಎಂತ ನೋಡುದು, ಗೋಡೆಯಾ? ನಿನ್ನೆ ಪಕ್ಕದವ್ಳು ಹೊರಗೆ ಹೋಗುವ ಅಂತ ಕರೆದ್ಳು. ತಾಳು, ಅದು ಮುಗೀಲಿ ಅಂದೆ. ಎಂತ ಮುಗೀಲಿಕ್ಕೆ ಅಂತ ಅವ್ಳ ಮಂಡೆಗೆ ಹೋಗ್ಲಿಲ್ಲ.”

ಬೆಳ್ಳಾರೆ ಬರುವವರೆಗೆ ಮುಂದಿನ ಸೀಟಿನ ಕಂಬಿಯ ಮೇಲೆ ಎಡಗೈಯಲ್ಲಿ ಆ ಎರಡನೆಯ ಇಳಿತವನ್ನು ಬಾರಿಸುತ್ತಾ ಕೂತೆ.

ಮನೆಗೆ ಬಂದವನೇ ಚೀಲ ಇಳಿಸುವ ಮೊದಲು ಕೀಬೋರ್ಡ್ ಬಿಚ್ಚಿ, ಸ್ಪೀಕರಿಗೆ ವಯರ್ ಸಿಕ್ಕಿಸಿದೆ. ಮಾಲಿಕರು ಮಿಕ್ಸಿ ಎನ್ನಲಿ, ಗ್ರೈಂಡರ್ ಎನ್ನಲಿ. “ಕೂತ್ಕೋ,” ಎಂದೆ. ಅವಳು ಬಸ್ಸಿನ ಸೀರೆಯಲ್ಲೇ ಗೋಡೆಗೆ ಒರಗಿ ಕೂತಳು. ಗೆರಸೆ ಮುಟ್ಟಲಿಲ್ಲ. ಇಪ್ಪತ್ತು ನಿಮಿಷ, ಎಡಗೈಯ ಇಳಿತ ಎರಡೂ ಸಲ, ಕೊನೆಯ ಸ್ವರ ಪೂರ್ತಿ ಆರಿಹೋಗುವವರೆಗೆ ಅವಳು ಏಳಲಿಲ್ಲ. “ಹೇಗುಂಟು?” ಎಂದು ಕೇಳಿದೆ.

“ಅಡ್ಡಿ ಇಲ್ಲ,” ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, “ಆದ್ರೆ ನಾನು ಗ್ರಹಿಸಿದ್ದು ಇದಲ್ಲ.”

“ಮತ್ತೆ ಎಂತ ಗ್ರಹಿಸಿದ್ದು?”

“ಅದು ಬೇರೆ ಇತ್ತು. ನಿಮ್ಮ ಕೈ ಹೋದ ಹಾಗೆ ನಾನು ಒಂದು ಇಟ್ಕೊಂಡಿದ್ದೆ ಮನಸ್ಸಲ್ಲಿ. ಬಿಡಿ, ನಗ್ತೀರಿ ನೀವು.”

“ನಗುದಿಲ್ಲ. ಹೇಳು.”

ನೆಲ ನೋಡುತ್ತಾ ಮೆಲ್ಲಗೆ ಗುನುಗಿದಳು. ಎಡಗೈ ಇಳಿದು ಬರುವ ಜಾಗ. ನಾನು ಅಲ್ಲಿ ಬ್ರೇಕು ಒತ್ತಿದ್ದೆ, ಟಯರು ಕಿರುಚಿಸಿದ್ದೆ. ಅವಳದ್ದರಲ್ಲಿ ಬಸ್ಸೇ ಇರಲಿಲ್ಲ. ಯಾರೋ ಬಹಳ ದಿನದ ಮೇಲೆ ಮೆಟ್ಟಿಲಿಳಿದು ಬರುತ್ತಿರುವ ಹಾಗಿತ್ತು. ಎರಡನೆಯ ಸಲ ಬಂದಾಗ ಅವರು ಬಂದು ಮುಟ್ಟಿದರು ಎಂದು ಗೊತ್ತಾಗುತ್ತಿತ್ತು. ನನ್ನ ಬೆರಳಿಗೆ ಅದು ಸರಿಯಾಗಿ ಕೂರುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅದು ನನ್ನದಕ್ಕಿಂತ ಚೆನ್ನಾಗಿತ್ತು.

“ಶುರುವಿಂದ ಹೇಳು,” ಎಂದೆ.

“ಅನ್ನಕ್ಕಿಡುದು ಬೇಡ್ವಾ?” ಎಂದು ಅವಳು ಎದ್ದು ಹೋದಳು.

ನಾನು ಹಿಂದೆಯೇ ಅಡುಗೆಮನೆಗೆ ಹೋಗಿ, ಹೊಸ್ತಿಲ ಮೇಲೆ ಕೂತೆ. ಅವಳು ಅಕ್ಕಿ ತೊಳೆಯುತ್ತಾ, ಪಾತ್ರೆ ಒಲೆಗಿಡುತ್ತಾ, ಶುರುವಿನಿಂದ ಹೇಳಿದಳು. ನಾನು ಕಾಲು ಕುಣಿಸದೆ ಕೊನೆಯವರೆಗೆ ಕೇಳಿದೆ.