ದೂತನ ಪಾತ್ರಕ್ಕೆ ಒಂಬತ್ತು ಅಂಕ

ಕಾಲೇಜಿಗೆ ಪರಿಶೀಲನಾ ಸಮಿತಿ ಬರುತ್ತದೆಂದು ಪತ್ರ ಬಂದ ದಿನವೇ ನಮ್ಮ ಪ್ರಿನ್ಸಿಪಾಲರಿಗೆ ಸೃಜನಶೀಲತೆಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಅಲ್ಲಿಯವರೆಗೆ ಆ ಶಬ್ದ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ.

"ನಾಟಕ ಪಾಠ ಮಾಡಿ ನೋಟ್ಸ್ ಬರೆಸಿದ್ರೆ ಸಾಲಲ್ಲ ಮೇಡಂ. ಮಕ್ಕಳ ಕೈಲಿ ಪ್ರಾಜೆಕ್ಟ್ ಮಾಡಿಸಿ. ಸಮಿತಿಯವರು ಒಳಗೆ ಬಂದ ತಕ್ಷಣ ಕಣ್ಣಿಗೆ ಬೀಳಂಗಿರಬೇಕು," ಎಂದರು.

ನಾನು ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಮನೆ ಚಿಂತಾಮಣಿಯಲ್ಲಿ. ಆ ವರ್ಷ ಡಿಗ್ರಿ ಎರಡನೇ ವರ್ಷದವರಿಗೆ ಬಹಳ ಹಳೆಯ ದುರಂತ ನಾಟಕವೊಂದರ ಅನುವಾದ ಪಠ್ಯವಾಗಿತ್ತು. ರಾಜನೊಬ್ಬ ಚಾಡಿ ಮಾತು ನಂಬಿ ಮಗನನ್ನು ಊರಿನಿಂದ ಓಡಿಸುತ್ತಾನೆ. ಮಗ ತಪ್ಪು ಮಾಡಿರಲಿಲ್ಲ ಎಂದು ತಿಳಿಯುವ ಹೊತ್ತಿಗೆ ದೂತನೊಬ್ಬ ಅವನ ಸಾವಿನ ಸುದ್ದಿ ತರುತ್ತಾನೆ. ಇಷ್ಟೇ ಕಥೆ. ಇದನ್ನು ಕಣ್ಣಿಗೆ ಬೀಳುವಂತೆ ಮಾಡಿಸುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಅಂಕ ಕೊಡುವ ಪಟ್ಟಿಯೊಂದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದು, ಕನ್ನಡ ಮಾಡಿ, ನನ್ನದೇ ಎಂಬಂತೆ ನೋಟಿಸ್ ಬೋರ್ಡಿಗೆ ಹಚ್ಚಿದೆ. ಒಟ್ಟು ಇಪ್ಪತ್ತೈದು. ಅದರಲ್ಲಿ ಆಕರ್ಷಕ ಪ್ರಸ್ತುತಿಗೆ ಹತ್ತು. ತಂಡಸ್ಫೂರ್ತಿಗೆ, ತಂತ್ರಜ್ಞಾನದ ಬಳಕೆಗೆ, ವಿಷಯಕ್ಕೆ ತಲಾ ಐದು. ನಾಟಕವನ್ನು ಓದಿದ್ದಕ್ಕೆ ಅಂಕವೇ ಇರಲಿಲ್ಲ. ಅದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಹದಿನೈದು ದಿನಗಳಲ್ಲಿ ಪ್ರಾಜೆಕ್ಟುಗಳು ಬಂದವು. ಸಾದಲಿ ಕಡೆಯ ಹುಡುಗರು ನಾಲ್ವರು ಹೊತ್ತು ತಂದದ್ದು ಥರ್ಮಾಕೋಲಿನ ಅರಮನೆ. ಕಿಟಕಿಗಳಲ್ಲಿ ಸೀರಿಯಲ್ ಲೈಟು, ಬಾಗಿಲಲ್ಲಿ ಹತ್ತಿಯ ಹುಲ್ಲುಹಾಸು. "ಎಲ್ಲಿ ಮಾಡಿದ್ರೋ?" ಎಂದೆ. "ಚಿಕ್ಕಬಳ್ಳಾಪುರದಾಗೆ ಅಂಗಡಿ ಐತೆ ಮೇಡಂ, ಆರ್ಡರ್ ಕೊಟ್ರೆ ಮಾಡ್ಕೊಡ್ತಾರೆ," ಎಂದು ಒಬ್ಬ ಮುಗ್ಧವಾಗಿ ಹೇಳಿದ. ಇನ್ನೊಬ್ಬ ಅವನ ಕಾಲು ತುಳಿದ. ಅರಮನೆಯಲ್ಲಿ ರಾಜ ಎಲ್ಲಿದ್ದಾನೆ ಎಂದು ಕೇಳಿದರೆ ನಾಲ್ವರಿಗೂ ಗೊತ್ತಿರಲಿಲ್ಲ. ಮತ್ತೊಂದು ತಂಡ ರಾಜಕುಮಾರ ಸಾಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿತ್ತು. ಬಿದ್ದವನು ಮೂರು ಸಲ ಕ್ರಾಪು ಸರಿಮಾಡಿಕೊಂಡು ಪ್ರಾಣ ಬಿಟ್ಟ. ಗೌರಿಬಿದನೂರಿನಿಂದ ಬರುವ ಇಬ್ಬರು ಹುಡುಗಿಯರು ಪರದೆಯ ಮೇಲೆ ಬಣ್ಣಬಣ್ಣದ ಸ್ಲೈಡು ಹಾಕಿ, ರಾಜ ದಿನಾ ಬೆಳಿಗ್ಗೆ ಯೋಗ ಮಾಡಿದ್ದರೆ ಈ ದುರಂತ ತಪ್ಪುತ್ತಿತ್ತು ಎಂದು ತೀರ್ಮಾನ ಕೊಟ್ಟರು. ಅವರಿಗೆ ಇಪ್ಪತ್ತೆರಡು ಕೊಟ್ಟೆ. ಕೊಟ್ಟದ್ದು ನಾನೇ.

ಕೊನೆಗೆ ಬಂದವಳು ಶಿಡ್ಲಘಟ್ಟದವಳೇ ಆದ ಒಬ್ಬ ಹುಡುಗಿ. ಅವಳ ತಂದೆ ರೀಲರ್, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಸುಬು. ಮನೆಮಾತು ಉರ್ದುವಾದರೂ ಕನ್ನಡವನ್ನು ನನ್ನ ಕ್ಲಾಸಿನ ಅನೇಕರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಮಾತ್ರ ಇತ್ತು.

"ಮಾಡೆಲ್ ಎಲ್ಲಮ್ಮ?"

"ಮಾಡೆಲ್ ಇಲ್ಲ ಮೇಡಂ. ನಾಟಕದಲ್ಲಿ ದೂತ ಬಂದ ತಕ್ಷಣ ಸತ್ತ ಅಂತ ಹೇಳಲ್ಲ. ಊರ ಬಾಗಿಲಿಂದ ಶುರು ಮಾಡಿ ಸುತ್ತಿ ಸುತ್ತಿ ಹೇಳ್ತಾನೆ. ಯಾಕೆ ಅಂತ ಅನ್ನಿಸ್ತು. ಅದಕ್ಕೆ ಸಾವಿನ ಸುದ್ದಿ ಹೇಳೋರನ್ನ ಕೇಳಿ ಬರ್ಕೊಂಡು ಬಂದೆ."

ದೂತನದು ಗೌಣ ಪಾತ್ರ, ಪರೀಕ್ಷೆಗೆ ಬರುವುದಿಲ್ಲ ಎಂದು ವರ್ಷವರ್ಷವೂ ನೋಟ್ಸ್ ಬರೆಸಿದವಳು ನಾನು. ನೋಟ್‌ಬುಕ್ ತಿರುವಿಹಾಕಿದೆ. ಅವರ ಬೀದಿಯ ಮಸೀದಿಯಲ್ಲಿ ಆಜಾನ್ ಕೂಗುವ ಹಿರಿಯರೊಬ್ಬರು ಮೈಕಿನಲ್ಲಿ ಸಾವಿನ ಸುದ್ದಿಯನ್ನು ಹೇಗೆ ಹೇಳುತ್ತಾರೆಂದು ಹನ್ನೆರಡು ಪುಟ ಬರೆದಿದ್ದಳು. ಬರವಣಿಗೆ ಎಷ್ಟು ಚೆನ್ನಾಗಿತ್ತೆಂದರೆ ನನಗೆ ತಕ್ಷಣ ಅನುಮಾನ ಬಂತು.

"ಯಾವ ವೆಬ್‌ಸೈಟಿಂದ ತೆಗೆದೆ?" ಎಂದು ಇಡೀ ಕ್ಲಾಸಿನ ಮುಂದೆ ಕೇಳಿದೆ.

"ನಾನೇ ಕೇಳಿ ಬರೆದಿದ್ದು ಮೇಡಂ." ಅಷ್ಟೇ ಹೇಳಿ ಕುಳಿತಳು. ಒಬ್ಬಳೇ ಮಾಡಿದ್ದರಿಂದ ತಂಡಸ್ಫೂರ್ತಿಗೆ ಸೊನ್ನೆ. ಪೆನ್ನಿನಲ್ಲಿ ಬರೆದದ್ದರಿಂದ ತಂತ್ರಜ್ಞಾನಕ್ಕೆ ಸೊನ್ನೆ. ಬಣ್ಣವಿಲ್ಲದ್ದರಿಂದ ಪ್ರಸ್ತುತಿಗೆ ಆರು. ನನ್ನ ಅನುಮಾನದಿಂದಾಗಿ ವಿಷಯಕ್ಕೆ ಮೂರು. ಒಟ್ಟು ಒಂಬತ್ತು.

ಸಮಿತಿ ಬಂತು. ಮೂವರು ದೊಡ್ಡ ಮನುಷ್ಯರು ಅರಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬರು ಸ್ವಿಚ್ ಹಾಕಿ ಆರಿಸಿ ಮಗುವಿನ ಹಾಗೆ ಸಂತೋಷಪಟ್ಟರು. ನಾಟಕದ ಹೆಸರೇನೆಂದು ಯಾರೂ ಕೇಳಲಿಲ್ಲ. "ಎಕ್ಸಲೆಂಟ್" ಎಂದು ಬರೆದು, ಊಟ ಮಾಡಿ ಹೋದರು.

ಮಾರನೇ ದಿನ ಮಧ್ಯಾಹ್ನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಮಾರ್ಕ್ಸ್ ಕೇಳಕ್ಕೆ ಬಂದಿಲ್ಲ ಮೇಡಂ. ನೆಟ್ಟಿಂದ ಕದ್ದೆ ಅಂದ್ರಲ್ಲ, ಒಂದ್ಸಲ ಬನ್ನಿ. ಆಜಾನ್ ಕೂಗೋ ಚಾಚಾನ ನೀವೇ ಕೇಳಿ," ಎಂದಳು. ಹೋಗದೆ ಇರಲು ನನಗೆ ನೆಪ ಹೊಳೆಯಲಿಲ್ಲ.

ಹಿರಿಯರು ಮಸೀದಿಯ ಪಕ್ಕದ ಸಣ್ಣ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತ ಕುಳಿತಿದ್ದರು. ಎದ್ದು ನಿಂತು ನನಗೆ ಸ್ಟೂಲು ಕೊಟ್ಟರು. ಹುಡುಗಿ ನನ್ನ ಮುಂದೆಯೇ ಕೇಳಿದಳು: "ಚಾಚಾ, ಸುದ್ದಿ ಹೆಂಗೆ ಹೇಳ್ತೀರಾ ಅಂತ ಮೇಡಂಗೆ ಹೇಳಿ."

"ಆಜಾನ್ ಹೊತ್ತಲ್ಲದ ಹೊತ್ತಲ್ಲಿ ಮೈಕ್ ಕರಕರ ಅಂದ್ರೆ ಬೀದಿ ಎಲ್ಲ ನಿಂತೋಗ್ತದೆ ಮೇಡಂ," ಎಂದರು ಅವರು. "ಒಲೆ ಮುಂದೆ ಇರೋ ಹೆಂಗಸು ಕೈ ನಿಲ್ಲಿಸ್ತಾಳೆ. ಸತ್ತೋರ ಮಗಳು ಎರಡು ಬೀದಿ ಆಚೆ ಇರ್ತಾಳೆ, ಅವಳಿಗೆ ಫೋನ್ ಹೋಯ್ತೋ ಇಲ್ವೋ. ಅದಕ್ಕೆ ಹೆಸರು ಮೊದ್ಲು ಹೇಳಬಾರದು. ಬೀದಿ ಹೇಳ್ತೀನಿ. ಉಸಿರು ತಗೋತೀನಿ. ಆಮೇಲೆ ಮನೆ. ಅಷ್ಟೊತ್ತಿಗೆ ಅವಳು ಗೋಡೆ ಹಿಡ್ಕೊಂಡಿರ್ತಾಳೆ. ಹೆಸರು ಆಮೇಲೆ."

ಅವರು ಕೈಯಲ್ಲಿದ್ದ ಗಡಿಯಾರವನ್ನು ಬಟ್ಟೆಯ ಮೇಲಿಟ್ಟರು.

"ಹೆಂಗಸರ ಹೆಸರು ಮೈಕಲ್ಲಿ ಹೇಳಲ್ಲ ನಾವು. ಯಜಮಾನ್ರ ಹೆಸರು ಹೇಳಿ, ಅವರ ಮನೆಯವರು ಅಂತೀವಿ. ಹೋದ ವರ್ಷ ನನ್ನ ಮನೆಯವಳೇ ಹೋದ್ಲು. ಬೇರೆಯವರು ಹೇಳ್ತೀನಿ ಅಂತ ಬಂದ್ರು. ಬೇಡ ಅಂದೆ. ಅವರಿಗೆ ಸರಿಯಾಗಿ ಹೇಳಕ್ಕೆ ಬರಲ್ಲ. ನಾನೇ ಮಸೀದಿ ಮೆಟ್ಟಿಲು ಹತ್ತಿದೆ. ಬೀದಿ ಹೇಳ್ದೆ, ಮನೆ ಹೇಳ್ದೆ. ಆಮೇಲೆ ನನ್ನ ಹೆಸರನ್ನೇ ಬೇರೆ ಯಾರದ್ದೋ ಹೆಸರು ಹೇಳ್ದಂಗೆ ಹೇಳ್ದೆ."

ಇದು ನೋಟ್‌ಬುಕ್ಕಿನ ಒಂಬತ್ತನೇ ಪುಟದಲ್ಲಿ, ಒಂದು ಮಾತೂ ಹೆಚ್ಚುಕಮ್ಮಿಯಿಲ್ಲದೆ, ಹೀಗೇ ಇತ್ತು. ನಾನು ಅದನ್ನು ಓದಿಯೇ ವೆಬ್‌ಸೈಟು ಯಾವುದೆಂದು ಕೇಳಿದ್ದೆ.

ಅಲ್ಲಿಂದ ನೇರ ಕಾಲೇಜಿಗೆ ಬಂದು ಅಂಕ ತಿದ್ದಬೇಕೆಂದು ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಸಮಿತಿಯ ಪ್ರಮಾಣಪತ್ರಕ್ಕೆ ಫ್ರೇಮು ಆರಿಸುತ್ತಿದ್ದರು. "ಅಪ್‌ಲೋಡ್ ಆಗೋಗಿದೆ ಮೇಡಂ. ಒಬ್ಬರದು ತಿದ್ದಿದ್ರೆ ನಾಳೆ ಎಲ್ಲರೂ ಬಂದು ನಿಂತ್ಕೋತಾರೆ. ಅಷ್ಟಕ್ಕೂ ಆ ಹುಡುಗಿ ಏನ್ ಮಾಡಿದ್ಲು, ಒಂದು ಚಾರ್ಟೂ ಇಲ್ಲ," ಎಂದರು. ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ತಿದ್ದುಪಡಿಗೆ ಅವಕಾಶವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಅದರಲ್ಲಿ ಮೂರು ಕಾಗುಣಿತ ತಪ್ಪು. ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಸುದ್ದಿ ತಿಳಿಸಲು ಅವಳನ್ನು ಕರೆದಾಗ, "ಬಿಡಿ ಮೇಡಂ," ಎಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಆದರೆ ಎಲ್ಲರ ಮುಂದೆ ಅಂದ್ರಿ. ನಮ್ಮಪ್ಪಂಗೂ ಗೊತ್ತಾಯ್ತು," ಎಂದಳು.

ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಕ್ಲಾಸಿನ ಮುಂದೆ ನಿಂತು, ಈ ಹುಡುಗಿ ಯಾವುದನ್ನೂ ಕದ್ದಿಲ್ಲ, ಹಾಗೆ ಅಂದದ್ದು ನನ್ನ ತಪ್ಪು, ಕ್ಷಮಿಸಬೇಕು ಎಂದೆ. ಅವಳ ಬೆಂಚಿನ ಕಡೆ ತಿರುಗಿ ಕೈಮುಗಿದೆ. ಆಮೇಲೆ ಹಿಂದಿನ ಬೆಂಚುಗಳಿಂದ ಜೋರಾಗಿ ಚಪ್ಪಾಳೆ ಬಂತು, ಒಬ್ಬ ಸಿಳ್ಳೆಯನ್ನೂ ಹಾಕಿದ. ನಾಟಕದ ರಾಜನ ಪಶ್ಚಾತ್ತಾಪವನ್ನು ನಾನು ಅಭಿನಯಿಸಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದರು.

ಅವಳೊಬ್ಬಳು ಚಪ್ಪಾಳೆ ತಟ್ಟಲಿಲ್ಲ. ನನ್ನನ್ನು ನೋಡಿ ತಲೆಯಾಡಿಸಿ, ಪಠ್ಯಪುಸ್ತಕ ತೆರೆದುಕೊಂಡಳು.