ಪಂಚೆಯ ಮೇಲಿನ ನೀರು

ನನ್ನ ಗಂಡನಿಗೆ ಹರ್ನಿಯಾ ಆಗಿರಲಿಲ್ಲ. ಆಗಿದೆ ಎಂದು ಊರಿಗೆಲ್ಲ ಹೇಳಿದ್ದೆವು, ಅಷ್ಟೆ.

ಅವರು ಯಲ್ಲಾಪುರದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಸೊಂಟನೋವು ಶುರುವಾದಾಗ ಘಟ್ಟದ ರಸ್ತೆಯ ಕುಲುಕಾಟಕ್ಕೆ ಎಂದುಕೊಂಡು ಎಣ್ಣೆ ತಿಕ್ಕಿದೆ. ಎಣ್ಣೆಗೆ ಬಗ್ಗದಾಗ ಹುಬ್ಬಳ್ಳಿಗೆ ಹೋದೆವು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಮೂಳೆಗೂ ಹರಡಿದೆ ಎಂದರು ಡಾಕ್ಟರು. ನಾನು ಏಳನೆಯ ತರಗತಿ ಓದಿದವಳು. ಆದರೂ ಅವರು ಬಿಡಿಸಿ ಹೇಳಿದ್ದು ನೆನಪಿದೆ.

“ವೃಷಣದಾಗ ಒಂದು ಹಾರ್ಮೋನು ಹುಟ್ಟತೈತ್ರಿ. ಕ್ಯಾನ್ಸರ್ ಕೋಶದೊಳಗಿನ ಒಂದು ಪ್ರೋಟೀನು ಅದನ್ನ ಹಿಡಕೊಂಡು ‘ಬೆಳಿ’ ಅಂತ ಸುದ್ದಿ ಮುಟ್ಟಸತೈತಿ. ಮೂಳಿಗೆ ಹೋದ ಕೋಶಕ್ಕೂ ಅದ ಸುದ್ದಿ. ವೃಷಣ ತಗದರ ಸುದ್ದಿ ನಿಲ್ಲತೈತಿ.”

ನನ್ನ ಗಂಡ ಮೊದಲು ಬೇಡವೆಂದರು. ಕೊನೆಗೆ ನೋವು ತಡೆಯಲಾರದೆ ಒಪ್ಪಿದರು. ಆಪರೇಷನ್ ಮುಗಿಸಿ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು.

“ಯಾರಿಗೂ ಗೊತ್ತಾಗಬಾರ್ದು. ನಾ ಸತ್ತ ಮೇಲೂ.”

“ಆ ಮಾತೆಲ್ಲ ಈಗ ಎಂತಕ್ಕೆ?”

“ನೀ ಹೂಂ ಅನ್ನು ಮೊದ್ಲು.”

ಹೂಂ ಅಂದೆ.

ನೋವು ಇಳಿಯಿತು, ಮತ್ತೆ ಲಾರಿ ಹತ್ತಿದರು. ಆದರೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರು ಕಿತ್ತುಬರುತ್ತಿತ್ತು. ಗಡ್ಡ ತೆಳುವಾಯಿತು, ಎದೆ ಮೆತ್ತಗೆ ಉಬ್ಬಿತು. ಅದನ್ನು ಮುಚ್ಚಲು ಸೆಕೆಯಲ್ಲೂ ಸ್ವೆಟರ್ ಹಾಕುತ್ತಿದ್ದರು. ಒಂದು ದಿನ ಅವರ ಗೆಳೆಯ, ಇನ್ನೊಬ್ಬ ಡ್ರೈವರ್, ನಮ್ಮಲ್ಲಿ ಚಹಾ ಕುಡಿಯುತ್ತ ಅವರ ಕೆನ್ನೆ ಸವರಿ, “ಹರ್ನಿಯಾ ತೆಗೆಯೂವಾಗ ಗಡ್ಡಾನೂ ತೆಗೆದ್ರನ ಮಾರಾಯಾ?” ಅಂದ.

“ಬ್ಲೇಡಿನ ಖರ್ಚು ಉಳೀತು ಬಿಡು” ಎಂದು ಇವರೂ ನಕ್ಕರು. ಅವನು ಹೋದ ಮೇಲೆ ಮುಖ ತೊಳೆಯಲು ಹೋದವರು ಬಚ್ಚಲಿನಿಂದ ಬೇಗ ಬರಲಿಲ್ಲ. ಬಾಗಿಲ ಹೊರಗೆ ನಿಂತಿದ್ದೆ.

ಎರಡು ವರ್ಷದ ಮೇಲೆ ಸೊಂಟ ಮತ್ತೆ ನೋಯತೊಡಗಿತು. “ಈಗ ಆ ಪ್ರೋಟೀನು ಹಾರ್ಮೋನಿಗೆ ಕಾಯಂಗಿಲ್ರಿ. ತಾನ ಸುದ್ದಿ ಕೊಡಾಕ ಕಲತೈತಿ” ಎಂದರು ಡಾಕ್ಟರು. ದೀಪಾವಳಿಗೆ ಮೊದಲೇ ನನ್ನ ಗಂಡ ಹೋದರು.

ನಮ್ಮಲ್ಲಿ ಗಂಡಸಿನ ಹೆಣಕ್ಕೆ ಗಂಡಸರೇ ಸ್ನಾನ ಮಾಡಿಸುವುದು. ಹೆಂಗಸರು ಆಗ ಒಳಗಿರುತ್ತಾರೆ. ಆ ಸ್ನಾನವನ್ನು ನಾನು ಒಮ್ಮೆಯೂ ನೋಡಿರಲಿಲ್ಲ; ಪಂಚೆ ಬಿಚ್ಚುತ್ತಾರೆ ಎಂದೇ ತಿಳಿದಿದ್ದೆ. ಹೊರಗೆ ಬಿಂದಿಗೆಯ ಸದ್ದಾಯಿತು. ನನಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಓಡಿಹೋಗಿ ಅವರ ಅಣ್ಣನ ಎದುರು ನಿಂತೆ.

“ಭಾವಾ, ಪಂಚೆ ಬಿಚ್ಚಬೇಡಿ. ಕೈ ಮುಗೀತೆ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಯಾರೂ ಬಿಚ್ಚೂದಿಲ್ಲ ತಂಗಿ” ಎಂದರು ಭಾವ. “ಪಂಚೆ ಮೇಲೇ ನೀರು ಹಾಕೂದು. ನೀ ಎಂತಕ್ಕೆ ಹಂಗೆ ಹೇಳ್ತಿ?”

ನಾನು ಉತ್ತರ ಕೊಡಬೇಕಾಗಿರಲಿಲ್ಲ. ಗಡ್ಡದ ಮಾತಾಡಿದ್ದ ಡ್ರೈವರ್ ಚೊಂಬು ಹಿಡಿದು ಅಲ್ಲೇ ಇದ್ದ. ಮೊದಲು ನನ್ನನ್ನು ನೋಡಿದ, ಆಮೇಲೆ ಪಂಚೆಯನ್ನು. ಉಳಿದವರ ಕಣ್ಣೂ ಅಲ್ಲಿಗೇ ಹೋಯಿತು. ಅಷ್ಟರಲ್ಲಿ ಯಾರೋ ಹಾಕಿದ ಮೊದಲ ನೀರಿಗೆ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

ಭಾವ ಹೆಗಲ ಮೇಲಿನ ಟವೆಲನ್ನು ತೆಗೆದು, ಎರಡು ಮಡಿಕೆ ಮಾಡಿ, ಆ ಒದ್ದೆ ಪಂಚೆಯ ಮೇಲೆ ಹಾಸಿದರು. “ಒಳಗೆ ನಡಿ ತಂಗಿ” ಎಂದರು. ನನ್ನ ಮುಖ ನೋಡಲಿಲ್ಲ.